ಕನಿಷ್ಠ ಮೊತ್ತಕ್ಕಿಂತ ಹೆಚ್ಚು ಕಟ್ಟಿ ಕಾರ್ಡಿನ ಸಾಲ ತೀರಿಸಿದ ನನ್ನ ಅನುಭವ

ಕಲಬುರಗಿಯ ತೊಗರಿ ಬೇಳೆಯ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗ. ತಾಯಿಯವರ ಶಸ್ತ್ರಚಿಕಿತ್ಸೆಗೆಂದು ಸೊಲ್ಲಾಪುರದ ಆಸ್ಪತ್ರೆಯಲ್ಲಿ ತುರ್ತಾಗಿ ಹಣ ಕಟ್ಟಬೇಕಾಗಿ ಬಂದಾಗ ನನ್ನ ಎರಡು ಕ್ರೆಡಿಟ್ ಕಾರ್ಡುಗಳನ್ನು ಬಳಸಿದೆ. ಒಂದರಲ್ಲಿ 1,20,000 ರೂಪಾಯಿ, ಇನ್ನೊಂದರಲ್ಲಿ 30,000 ರೂಪಾಯಿ ಬಾಕಿ ನಿಂತಿತು. ಅಂದು ಆ ಹಣ ಸಿಕ್ಕಿದ್ದರಿಂದಲೇ ಚಿಕಿತ್ಸೆ ತಡವಾಗಲಿಲ್ಲ, ಆದ್ದರಿಂದ ಕಾರ್ಡನ್ನು ನಾನು ದೂರುವುದಿಲ್ಲ. ಆದರೆ ಆ ಬಾಕಿಯನ್ನು ಇಳಿಸುವ ಕ್ರಮವನ್ನು ಈ ತಿಂಗಳು ಇಷ್ಟಾದರೂ ಕಟ್ಟಿ ಎಂದು ಬಿಲ್ಲಿನಲ್ಲಿ ಅಚ್ಚಾದ ಕನಿಷ್ಠ ಮೊತ್ತದ ಕೈಗೆ ಒಪ್ಪಿಸಬಾರದು ಎಂಬುದು ಲೆಕ್ಕ ಹಾಕಿದ ಮೊದಲ ದಿನವೇ ನನಗೆ ಸ್ಪಷ್ಟವಾಯಿತು.

ಆ ಲೆಕ್ಕ ಹೀಗಿದೆ. ನನ್ನ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. 1,20,000 ರೂಪಾಯಿಗೆ ಒಂದು ತಿಂಗಳ ಬಡ್ಡಿ 4,200, ತೆರಿಗೆ 756, ಒಟ್ಟು 4,956 ರೂಪಾಯಿ. ಕನಿಷ್ಠ ಮೊತ್ತವು ಬಾಕಿಯ ಶೇ 5 ಎಂದರೆ 6,000 ರೂಪಾಯಿ. ಇಷ್ಟು ಕಟ್ಟಿದರೆ ಅಸಲಿನಲ್ಲಿ ಇಳಿಯುವುದು ಕೇವಲ 1,044 ರೂಪಾಯಿ. ಬಾಕಿ ಇಳಿದಂತೆಲ್ಲ ಕನಿಷ್ಠ ಮೊತ್ತವೂ ಇಳಿಯುವುದರಿಂದ ಸಾಲದ ಅರ್ಧ ಭಾಗ ತೀರುವುದಕ್ಕೇ ಸುಮಾರು ಆರೂವರೆ ವರ್ಷ ಬೇಕಾಗುತ್ತದೆ, ಅಷ್ಟರಲ್ಲಿ ನಮ್ಮ ಕೈಯಿಂದ 3,40,000 ರೂಪಾಯಿಗೂ ಹೆಚ್ಚು ಹೋಗಿರುತ್ತದೆ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಕನಿಷ್ಠ ಮೊತ್ತ ಕಟ್ಟಿದವರ ಸಾಲ ಬೆಳೆಯುತ್ತ ಹೋಗಬಾರದು, ಮತ್ತು ಬರೀ ಅಷ್ಟನ್ನೇ ಕಟ್ಟಿದರೆ ಮರುಪಾವತಿ ತಿಂಗಳು-ವರ್ಷಗಳವರೆಗೆ ಲಂಬಿಸುತ್ತದೆ ಎಂಬ ಎಚ್ಚರಿಕೆ ಬಿಲ್ಲಿನಲ್ಲಿ ಇರಲೇಬೇಕು. ಸಾಲ ಬೆಳೆಯದಿರುವುದಕ್ಕೂ ಸಾಲ ತೀರುವುದಕ್ಕೂ ಇರುವ ಅಂತರವನ್ನು ನಾವೇ ತುಂಬಬೇಕಾಗುತ್ತದೆ. ಬಡ್ಡಿಯ ದರವೇ ಇಳಿದೀತು ಎಂದು ಕಾಯುವಂತೆಯೂ ಇಲ್ಲ. ಶೇ 30ಕ್ಕಿಂತ ಹೆಚ್ಚಿನ ಬಡ್ಡಿ ಸಲ್ಲದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ನೀಡಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು.

ಹಾಗಾಗಿ ನಾನು ಮಾಡಿದ ಮೊದಲ ಕೆಲಸವೆಂದರೆ ಶೇಕಡಾವಾರನ್ನು ಬಿಟ್ಟು ರೂಪಾಯಿಯಲ್ಲಿ ಒಂದು ಸ್ಥಿರ ಮೊತ್ತವನ್ನು ಗೊತ್ತುಪಡಿಸಿದ್ದು. ದೊಡ್ಡ ಕಾರ್ಡಿಗೆ ತಿಂಗಳಿಗೆ 15,000 ರೂಪಾಯಿ, ಬಿಲ್ಲು ಎಷ್ಟು ಕಡಿಮೆ ಕೇಳಿದರೂ ಅಷ್ಟೇ. ಈ ಕ್ರಮದಲ್ಲಿ ಮೊದಲ ತಿಂಗಳು ಅಸಲಿಗೆ ಹೋಗುವುದು ಸುಮಾರು 10,000, ಐದನೆಯ ತಿಂಗಳಿಗೆ ಸುಮಾರು 11,800, ಹತ್ತನೆಯ ತಿಂಗಳಿಗೆ ಸಾಲ ಮುಗಿಯುತ್ತದೆ, ತೆರಿಗೆ ಸೇರಿ ಒಟ್ಟು ಬಡ್ಡಿ 29,000ದ ಒಳಗೇ ನಿಲ್ಲುತ್ತದೆ. ಕಟ್ಟುವ ಮೊತ್ತ ಎರಡೂವರೆ ಪಟ್ಟು ಹೆಚ್ಚಿದ್ದಕ್ಕೆ ಅಸಲು ಇಳಿಯುವ ವೇಗ ಸುಮಾರು ಹತ್ತು ಪಟ್ಟು ಹೆಚ್ಚಿತು. ಕನಿಷ್ಠ ಮೊತ್ತದ ಮೇಲೆ ನಾವು ಹಾಕುವ ಪ್ರತಿಯೊಂದು ರೂಪಾಯಿಯೂ ನೇರವಾಗಿ ಅಸಲಿಗೇ ಹೋಗುತ್ತದೆ ಎಂಬ ಈ ಸಂಗತಿಯನ್ನು ಸಾಲದಲ್ಲಿರುವವರು ಒಮ್ಮೆ ತಮ್ಮದೇ ಬಿಲ್ಲಿನ ಮೇಲೆ ಲೆಕ್ಕ ಹಾಕಿ ನೋಡಬೇಕೆಂದು ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಸಣ್ಣ ಕಾರ್ಡಿನ 30,000 ರೂಪಾಯಿಗೆ ಅಂಚೆ ಕಚೇರಿಯಲ್ಲಿ ಪ್ರತಿ ತಿಂಗಳು ಹಣ ತುಂಬುತ್ತಿದ್ದ ಆರ್‌.ಡಿ. ಖಾತೆಯನ್ನು ಮುಚ್ಚಿಸಿದೆ. ಮೂರು ವರ್ಷ ತುಂಬಿದ ಮೇಲೆ ಅದನ್ನು ಅವಧಿಗೆ ಮೊದಲೇ ಮುಚ್ಚಬಹುದು, ಆದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಆ ನಷ್ಟ ದೊಡ್ಡದಲ್ಲ. ಒಂದು ಕಡೆ ಶೇ 42 ತೆರುತ್ತ ಇನ್ನೊಂದು ಕಡೆ ಶೇ 7ರ ಆಸುಪಾಸಿನ ಬಡ್ಡಿಗೆ ಹಣ ಇಟ್ಟುಕೊಳ್ಳುವುದನ್ನು ಯಾವ ಖಾತೆ-ಕಿರ್ದಿಯೂ ಒಪ್ಪುವುದಿಲ್ಲ. ಎರಡೂ ಕಾರ್ಡುಗಳ ದರ ಒಂದೇ ಆಗಿದ್ದುದರಿಂದ ಸಣ್ಣದನ್ನು ಮೊದಲು ಮುಗಿಸಿ ಒಂದು ಕೊನೆಯ ದಿನಾಂಕದ ಚಿಂತೆಯನ್ನು ಕಡಿಮೆ ಮಾಡಿಕೊಂಡೆ. ದರ ಬೇರೆ ಬೇರೆಯಾಗಿದ್ದರೆ ಹೆಚ್ಚು ಬಡ್ಡಿಯ ಕಾರ್ಡೇ ಮೊದಲು ತೀರಬೇಕು.

ಹಣ ಕಟ್ಟುವ ದಿನದ ವಿಷಯಕ್ಕೆ ಬಹಳ ಜನ ಗಮನ ಕೊಡುವುದಿಲ್ಲ. ಬಾಕಿ ಮುಂದುವರಿದಿರುವ ಕಾರ್ಡಿನಲ್ಲಿ ಬಡ್ಡಿ ಬೆಳೆಯುವುದು ದಿನದ ಲೆಕ್ಕದಲ್ಲಿ. 15,000 ರೂಪಾಯಿಯನ್ನು ಕೊನೆಯ ದಿನಾಂಕಕ್ಕಿಂತ 15 ದಿನ ಮೊದಲೇ ಕಟ್ಟಿದರೆ ತೆರಿಗೆ ಸೇರಿ ಸುಮಾರು 300 ರೂಪಾಯಿ ಉಳಿಯುತ್ತದೆ. ಸಂಬಳ ಖಾತೆಗೆ ಬಿದ್ದ ದಿನವೇ ನಾನು ಮೊದಲು ಕಾರ್ಡಿಗೆ ಕಟ್ಟುತ್ತಿದ್ದೆ, ಮನೆಖರ್ಚಿನ ಹಂಚಿಕೆ ಆಮೇಲೆ. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟೋಣವೆಂದರೆ ಉಳಿಯುವುದು ಕಷ್ಟ.

ಸಾಲ ತೀರುವವರೆಗೆ ಆ ಕಾರ್ಡಿನಲ್ಲಿ ಏನನ್ನೂ ಕೊಳ್ಳಲಿಲ್ಲ. ಪೂರ್ತಿ ಬಾಕಿ ಕಟ್ಟದ ಕಾರ್ಡಿಗೆ ಬಡ್ಡಿರಹಿತ ಅವಧಿ ಇರುವುದಿಲ್ಲ. ಹೊಸದಾಗಿ ಕೊಂಡ ವಸ್ತುವಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ನಮ್ಮ ಭಾಗದಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ಕಾಡುವುದು ಸುಗ್ಗಿಯ ಕಾಲದಲ್ಲಿ, ಏಕೆಂದರೆ ವರ್ಷಕ್ಕಾಗುವಷ್ಟು ಜೋಳ, ತೊಗರಿ, ಒಣಮೆಣಸಿನಕಾಯಿಗಳನ್ನು ಒಮ್ಮೆಲೇ ಕೊಂಡಿಡುವ ರೂಢಿ ಇಲ್ಲಿದೆ. ಅದೇ ಸಮಯದಲ್ಲಿ ನನ್ನ ಕೈಗೂ ಹೆಚ್ಚು ಹಣ ಬರುತ್ತದೆ. ಡಿಸೆಂಬರಿನಿಂದ ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರತೊಡಗಿದರೆ ಮಿಲ್ಲಿನಲ್ಲಿ ರಾತ್ರಿಯವರೆಗೂ ಕೆಲಸವಿರುತ್ತದೆ, ಹೆಚ್ಚುವರಿ ಅವಧಿಯ ಸಂಬಳ ಸಿಗುತ್ತದೆ. ಆ ವರ್ಷ ನಾವು ಜೋಳವನ್ನು ತಿಂಗಳ ಲೆಕ್ಕದಲ್ಲಿ ನಗದು ಕೊಟ್ಟು ತಂದೆವು. ದರ ತುಸು ಹೆಚ್ಚಾಯಿತು, ಆದರೆ ಹೆಚ್ಚುವರಿ ಸಂಬಳವೆಲ್ಲ 15,000ದ ಮೇಲೆ ಅಸಲಿಗೇ ಸೇರಿತು.

ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ಬಂಗಾರ ಅಡವಿಟ್ಟು ಸಾಲ ಪಡೆದು ಕಾರ್ಡಿನ ಬಾಕಿ ತೀರಿಸುವ ಬಗ್ಗೆ. 60,000 ರೂಪಾಯಿಗೆ ಕಾರ್ಡು ವರ್ಷಕ್ಕೆ ತೆರಿಗೆ ಸೇರಿ 29,736 ರೂಪಾಯಿ ತೆಗೆದುಕೊಂಡರೆ, ಬ್ಯಾಂಕು ಬಂಗಾರದ ಮೇಲೆ ಶೇ 11ರ ದರದಲ್ಲಿ 6,600 ರೂಪಾಯಿ ತೆಗೆದುಕೊಳ್ಳುತ್ತದೆ. ಲೆಕ್ಕದಲ್ಲಿ ಸಂದೇಹವೇ ಇರಲಿಲ್ಲ, ಆದರೆ ಒಡವೆ ನನ್ನದಲ್ಲ, ಹೆಂಡತಿಯದು. ಎರಡು ಅಂಕಿಗಳನ್ನೂ ಬರೆದು ಅವಳ ಮುಂದಿಟ್ಟೆ. ಅವಳು, "ಬಂಗಾರ ಪೆಟ್ಟಿಗ್ಯಾಗ ಸುಮ್ಮ ಕುಂತದ, ಇಡ್ರಿ. ಆದ್ರ ಅದು ಬಿಡಿಸಿ ಮನಿಗಿ ಬರೋತನಕ ಆ ಕಾರ್ಡ್ ಮುಟ್ಟಬ್ಯಾಡ್ರಿ" ಎಂದಳು. ಈ ಷರತ್ತು ಯಾವ ಬ್ಯಾಂಕಿನ ನಿಯಮಕ್ಕಿಂತಲೂ ಸರಿಯಾದದ್ದು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅಗ್ಗದ ಸಾಲದಿಂದ ಕಾರ್ಡನ್ನು ತೀರಿಸಿ, ಖಾಲಿಯಾದ ಮಿತಿಯನ್ನು ಮತ್ತೆ ಬಳಸಿದರೆ ಒಂದು ಸಾಲದ ಜಾಗದಲ್ಲಿ ಎರಡು ನಿಲ್ಲುತ್ತವೆ, ಕಂತು ತಪ್ಪಿದರೆ ಒಡವೆ ಹರಾಜಿಗೆ ಹೋಗಬಹುದು. ಬಾಕಿಯನ್ನು ಇಎಂಐಗೆ ಬದಲಿಸಿಕೊಳ್ಳುವ ದಾರಿಯೂ ಇತ್ತು. ಪ್ರಕ್ರಿಯಾ ಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಕೂಡಿಸಿ ನೋಡಿದಾಗ ಬಂಗಾರದ ಸಾಲವೇ ಅಗ್ಗವಾಗಿ ಕಂಡಿತು. ಒಡವೆ ಇಲ್ಲದವರು ಇಎಂಐ ಬಗ್ಗೆ ಅವಶ್ಯವಾಗಿ ವಿಚಾರಿಸಬೇಕು, ಅವಧಿಗೆ ಮೊದಲೇ ತೀರಿಸಿದರೆ ಶುಲ್ಕವಿದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.

ಕೊನೆಯ ಕಂತಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಬಿಲ್ಲಿನ ಪೂರ್ತಿ ಬಾಕಿಯನ್ನು ಕಟ್ಟಿದ ಮೇಲೂ ಬಿಲ್ಲಿನ ದಿನಾಂಕದಿಂದ ಹಣ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಮೊತ್ತ ಸಣ್ಣದು, ಆದರೆ ಸಾಲ ತೀರಿತೆಂದು ಬಿಲ್ಲನ್ನೇ ನೋಡದಿದ್ದರೆ ಅದರ ಮೇಲೆ ತಡಶುಲ್ಕ ಬಿದ್ದು ಸಾಲ ತೀರಿಸುವ ನಡತೆಯನ್ನು ತೋರಿಸುವ ಸಿಬಿಲ್ ಅಂಕಕ್ಕೂ ಪೆಟ್ಟು ಬೀಳಬಹುದು. ನಾನು ಗ್ರಾಹಕ ಸೇವೆಗೆ ಕರೆ ಮಾಡಿ ಆ ದಿನದವರೆಗಿನ ಬಡ್ಡಿಯನ್ನು ಕೇಳಿ ಕಟ್ಟಿದೆ, ನಂತರದ ಬಿಲ್ಲಿನಲ್ಲಿ ಸೊನ್ನೆ ಕಂಡ ಮೇಲೆಯೇ ಕಾರ್ಡನ್ನು ಮುಚ್ಚಲು ಬರೆದುಕೊಟ್ಟೆ. ಬಾಕಿ ಇಲ್ಲದ ಕಾರ್ಡನ್ನು ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು ಎಂಬ ನಿಯಮ ರಿಸರ್ವ್ ಬ್ಯಾಂಕಿನ ಅದೇ ನಿರ್ದೇಶನದಲ್ಲಿದೆ. ಕಾರ್ಡಿಗೆ ಹೋಗುತ್ತಿದ್ದ 15,000 ರೂಪಾಯಿಯನ್ನು ಮರುತಿಂಗಳಿನಿಂದಲೇ ಬಂಗಾರದ ಸಾಲಕ್ಕೆ ಕಟ್ಟತೊಡಗಿದೆ.