ಅಪ್ಪನ ನಾಡಿ ಎಣಿಸಲು ಕಲಿತದ್ದು

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಮನೆ. ಅಪ್ಪನ ಹೃದಯದ ಡಾಕ್ಟ್ರು ಇರುವುದು ಮಂಗಳೂರಿನಲ್ಲಿ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು ನೋಡಿ, ಆಗ ಫೋನೇ ಗತಿ. ಅಪ್ಪನಿಗೆ ಹಾರ್ಟ್ ಫೇಲ್ಯೂರ್, ಅಂದರೆ ಹೃದಯಕ್ಕೆ ರಕ್ತ ತಳ್ಳುವ ಶಕ್ತಿ ಸಾಲದು. ಇಎಫ್, ಅಂದರೆ ಒಂದೊಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ನೂರಕ್ಕೆ 35. "ಮೈಯಲ್ಲಿ ನೀರು ನಿಂತರೆ ತೂಕ ಏರುತ್ತದೆ, ದಿನಾ ತೂಕ ಪುಸ್ತಕದಲ್ಲಿ ಬರೆದಿಡಿ, ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಿ" ಅಂದರು ಡಾಕ್ಟ್ರು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲು, ಬರೀ ಲುಂಗಿಯಲ್ಲಿ ನಿಲ್ಲಿಸಿ ತೂಕ ನೋಡುತ್ತಿದ್ದೆ. ಪಕ್ಕದಲ್ಲಿ ಬಿಪಿ ಮೆಷಿನ್ ತೋರಿಸಿದ ಪಲ್ಸ್ ಕೂಡ ಬರೆಯುತ್ತಿದ್ದೆ.

ಮರುವರ್ಷ ಆಟಿ ತಿಂಗಳ ಮಳೆಯಲ್ಲಿ ತೂಕ 61ರಿಂದ 63.5ಕ್ಕೆ ಏರಿತು. ಕಾಲು ಊದಿತು, ರಾತ್ರಿ ಉಸಿರಾಡಲು ಎರಡು ದಿಂಬು ಬೇಕಾಯಿತು. ನಾನು ಬೈದದ್ದು ಉಪ್ಪುಸೊಳೆಯನ್ನು, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು. ಮಳೆಗಾಲದಲ್ಲಿ ನಮ್ಮಲ್ಲಿ ಆ ಸೊಳೆ ರುಬ್ಬಿ ಕರಿದ ಉಂಡ್ಲಕಾಳು ಇಲ್ಲದೆ ಆಗುತ್ತದಾ! ಡಾಕ್ಟ್ರಿಗೆ ಫೋನ್ ಮಾಡಿ, ಪಲ್ಸ್ 84 ಇದೆ, ಅದರಲ್ಲೇನೂ ತೊಂದರೆ ಇಲ್ಲ ಅಂದೆ. "ಮೆಷಿನ್ ಬಿಡಿ, ಕೈ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ" ಅಂದರು ಡಾಕ್ಟ್ರು.

ಎರಡು ಬಡಿತ ಬೇಗ ಬೇಗ, ಆಮೇಲೆ ಖಾಲಿ, ಮತ್ತೆ ಒಂದು, ಮತ್ತೆ ಮೂರು. ಲೆಕ್ಕವೇ ಇಲ್ಲ. ಹೇಗೋ 92 ಆಯಿತು. ಪಕ್ಕದ ಮನೆಯ ನರ್ಸ್ ಅಕ್ಕ ಎದೆಗೆ ಸ್ಟೆತಸ್ಕೋಪ್ ಇಟ್ಟು ಎಣಿಸಿದರೆ 126! ಕೆಲವು ಬಡಿತ ಎಷ್ಟು ಅವಸರದ್ದೆಂದರೆ ಹೃದಯ ತುಂಬುವ ಮೊದಲೇ ಬಡಿದು ಮುಗಿಯುತ್ತದೆ, ಅದು ಮಣಿಕಟ್ಟಿನವರೆಗೆ ಬರುವುದೇ ಇಲ್ಲ. ಇಸಿಜಿ ಮಾಡಿಸಿದಾಗ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯ ಲಯ ತಪ್ಪಿ ಬಡಿಯುವ ಕಾಯಿಲೆ ಅಂತ ಗೊತ್ತಾಯಿತು.

ಇದು ಮತ್ತು ಹಾರ್ಟ್ ಫೇಲ್ಯೂರ್ ಎರಡು ಬೇರೆ ಬೇರೆ ಕಾಯಿಲೆ ಅಂದುಕೊಂಡಿದ್ದೆ. ಡಾಕ್ಟ್ರು ಬಿಡಿಸಿ ಹೇಳಿದರು. ಹೃದಯ ಸೋತಾಗ ಒತ್ತಡ ಹಿಂದಕ್ಕೆ ಬಂದು ಮೇಲಿನ ಕೋಣೆ ಹಿಗ್ಗುತ್ತದೆ, ಹಿಗ್ಗಿದ ಗೋಡೆಯಲ್ಲಿ ಕರೆಂಟು ದಾರಿ ತಪ್ಪುತ್ತದೆ. ಆಗ ಆ ಕೋಣೆ ಹಿಂಡುವುದಿಲ್ಲ, ಸುಮ್ನೆ ನಡುಗುತ್ತದೆ. ಕೆಳಗಿನ ಕೋಣೆಗೆ ತುಂಬುವ ರಕ್ತದಲ್ಲಿ ನೂರಕ್ಕೆ 20ರಷ್ಟು ಆ ಹಿಂಡುವಿಕೆಯಿಂದಲೇ ಬರುವುದು, ಅದು ಹೋಯಿತು. ಮೇಲಿಂದ ಬಡಿತ ಜೋರು, ತುಂಬಲು ಸಮಯವೂ ಇಲ್ಲ. ಹಾಗಾಗಿ ಹೃದಯ ಇನ್ನೂ ಸೋಲುತ್ತದೆ. ಯಾವುದು ಮೊದಲು ಬಂತು? ಅಪ್ಪನ ವಿಷಯದಲ್ಲಿ ಹೇಳುವುದು ಕಷ್ಟ ಅಂದರು.

ಮೊದಲು ನೀರಿನ ಮಾತ್ರೆ, ಅಂದರೆ ಮೈಯ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆ, ಏರಿಸಿ ಊತ ಇಳಿಸಿದರು. ಬಡಿತ ತಗ್ಗಿಸುವ ಮಾತ್ರೆಯನ್ನು ನಿಧಾನಕ್ಕೆ ಹೆಚ್ಚಿಸಿದರು. ನಡುಗುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು, ಅದಕ್ಕೆ ವಾರ್ಫರಿನ್ ಎಂಬ, ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ. ರಕ್ತ ಎಷ್ಟು ನಿಧಾನಕ್ಕೆ ಹೆಪ್ಪುಗಟ್ಟುತ್ತದೆ ಅಂತ ಹೇಳುವ ಐಎನ್‌ಆರ್ 2ರಿಂದ 3ರ ಒಳಗೆ ಇರಬೇಕು. ಸೊಪ್ಪು ಹೆಚ್ಚುಕಡಿಮೆಯಾದರೆ ಇದು ಏರುಪೇರಾಗುತ್ತದೆ. ಹಾಗಂತ ಬಸಳೆ, ಹರಿವೆ ಬಿಡಬೇಕಾಗಿಲ್ಲ, ಒಂದು ವಾರ ದಿನಾ ತಿಂದು ಮರುವಾರ ಮುಟ್ಟದೆ ಇರಬಾರದು, ಅಷ್ಟೇ.

ಏಳು ತಿಂಗಳ ಮೇಲೆ ಮಾಡಿಸಿದ ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್ 45. ನಡುವೆ ಒಮ್ಮೆ ಗಂಟುನೋವಿಗೆ ಅಂತ ಅಪ್ಪ ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತರಿಸಿ ನುಂಗಿದ್ದರು, ನನಗೆ ಹೇಳದೆ. ಎರಡೇ ದಿನದಲ್ಲಿ ಒಂದೂವರೆ ಕಿಲೋ ಏರಿತು. ಆ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ, ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯ ಬೇರೆ. ತೂಕ ಬರೆದ ಪುಸ್ತಕ ತೋರಿಸಿ ಕೇಳಿದೆ, ಆಗ ಒಪ್ಪಿಕೊಂಡರು.