ಹೊಂಬಣ್ಣದ ಹಾಪ್ ಬಳ್ಳಿಗೆ ಮಳೆಗಾಲವೇ ಚಳಿಗಾಲ

ಬಿಯರಿಗೆ ಕಹಿ ಕೊಡುವ ಹಾಪ್ ಬಳ್ಳಿಯನ್ನು ಬರೀ ಅಂದಕ್ಕಾಗಿ ಬೆಳೆಸಿದ್ದೇನೆ ಎಂದರೆ ಮಡಿಕೇರಿ ಕಡೆಯ ತೋಟದವರು ಮೊದಲು ಕೇಳುವುದು, ‘ಆ ಜಾಗದಲ್ಲಿ ಕಾಳುಮೆಣಸು ಹಬ್ಬಿಸಬಾರದಿತ್ತೇ?’ ಎಂದು. ನ್ಯಾಯವಾದ ಪ್ರಶ್ನೆಯೇ. ಆದರೆ ಜನವರಿಯ ಎಳೆಬಿಸಿಲಿನಲ್ಲಿ ಜಗುಲಿಯ ಮುಂದೆ ನಿಂಬೆಹಳದಿ ಎಲೆಗಳು ಹೊಳೆಯುವುದನ್ನು ಕಂಡವರು ಮತ್ತೆ ಆ ಮಾತೆತ್ತುವುದಿಲ್ಲ. ಬೇರಿನ ತುಂಡು ಸಿಗಬಹುದೇ ಎನ್ನುತ್ತಾರೆ.

ನನ್ನಲ್ಲಿರುವುದು ಔರಿಯಸ್ ಎಂಬ ಅಲಂಕಾರಿಕ ತಳಿ. ಹಾಪ್‌ನಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ತೆನೆಯಂಥ ಹೂಗೊಂಚಲು ಬಿಡುವುದು ಹೆಣ್ಣು ಗಿಡ. ನನ್ನದು ಅದೇ. ಕುಲುವಿನ ಗೆಳೆಯರೊಬ್ಬರ ಹಿತ್ತಿಲಿನಿಂದ ಬೇರುಕಾಂಡದ ತುಂಡು ತಂದು ಕುಂಡದಲ್ಲಿ ಚಿಗುರಿಸಿಕೊಂಡೆ.

ಕೊಡಗಿನ ಚಳಿ ಇದಕ್ಕೆ ಸಾಲದೆಂದು ಹೆದರಿಸಿದವರು ಹಲವರು. ನಿಜವಾಗಿ ಇಲ್ಲಿ ಸಾಲದಿರುವುದು ಹಗಲು. ಜರ್ಮನಿಯ ಹಲ್ಲರ್‌ಟೌ ಹಾಪ್ ಸೀಮೆಯಲ್ಲಿ ಜೂನ್ ತಿಂಗಳ ಹಗಲು ಸುಮಾರು 16 ಗಂಟೆ. ಮಡಿಕೇರಿಯಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಹಗಲು ಕುಗ್ಗಿತೆಂದರೆ ಏರುವುದನ್ನು ಬಿಟ್ಟು ಹೂವಿಗೆ ತೊಡಗುವುದು ಈ ಬಳ್ಳಿಯ ಸ್ವಭಾವ. ಸುಮ್ಮನೆ ನೆಟ್ಟರೆ ಆಳೆತ್ತರಕ್ಕೇರುವ ಮೊದಲೇ ನಾಲ್ಕು ಹೂ ಬಿಟ್ಟು ಮುರುಟಿಕೊಳ್ಳುತ್ತದೆ. ಫ್ಲೋರಿಡಾದಲ್ಲಿ ಹಾಪ್ ಬೆಳೆಯುವವರು ದೀಪ ಉರಿಸಿ ಹಗಲನ್ನು ಉದ್ದ ಮಾಡುತ್ತಾರೆಂದು ಓದಿದ್ದೆ. ಜಗುಲಿಗೆ ಒಂದು ಎಲ್‌ಇಡಿ ಬಲ್ಬು, ಅದಕ್ಕೊಂದು ಟೈಮರ್ ಹಾಕಿಸಿದೆ. ಮುಸ್ಸಂಜೆಗೆ ಹೊತ್ತಿ ರಾತ್ರಿ ಹತ್ತೂವರೆಗೆ ಆರುತ್ತದೆ. ಬೆಳಕು ಪ್ರಖರವಾಗಿರಬೇಕಿಲ್ಲ, ಎಲೆಗೆ ತಾಗಿದರೆ ಸಾಕು. ಗೋಡೆಯ ಮರೆಗೆ ಹೋದ ಕುಡಿ ಗೇಣುದ್ದಕ್ಕೆ ನಿಂತು ಹೂಮೊಗ್ಗು ತೋರಿಸಿದರೆ, ಬಲ್ಬಿನ ಎದುರಿನ ಕುಡಿ ಅದೇ ಬುಡದ್ದಾದರೂ ಸೂರಿನತ್ತ ಓಡುತ್ತಿರುತ್ತದೆ. ಬಳ್ಳಿ ಸೂರು ಮುಟ್ಟಿದ ಮೇಲೆ ಟೈಮರ್ ತೆಗೆಯುತ್ತೇನೆ. ಹೂಮಳೆ ಬಿದ್ದು ಕಾಫಿ ಅರಳುವ ಹೊತ್ತಿಗೆ ಹಸಿರು ತೆನೆಗಳು ಜೋಲಾಡುತ್ತಿರುತ್ತವೆ.

ನಾಟಿಗೆ ಪೂರ್ವದಿಕ್ಕಿನ ಗೋಡೆಯೇ ಮೇಲು. ನೆರಳಾದರೆ ಎಲೆ ಹಸಿರಿಗೆ ತಿರುಗುತ್ತದೆ, ಮಾರ್ಚ್ ಮಧ್ಯಾಹ್ನದ ಬಿಸಿಲಿಗೆ ಅಂಚು ಸುಡುತ್ತದೆ. ನಮ್ಮ ಹುಳಿಮಣ್ಣಿಗೆ ಕಾಫಿಗೆ ಹಾಕುವಂತೆ ಸುಣ್ಣ ಬೆರೆಸಿ, ಹಳೆಯ ಸಗಣಿಗೊಬ್ಬರ ಸೇರಿಸಿ, ಮಡಿ ಎತ್ತರಿಸಿದೆ.

ಹಬ್ಬಲು ತೆಂಗಿನ ನಾರಿನ ಹಗ್ಗ. ಅಮೆರಿಕದ ದೊಡ್ಡ ಹಾಪ್ ತೋಟಗಳಲ್ಲಿಯೂ ಬಳಸುವುದು ಅದನ್ನೇ. ಮೆಣಸಿನ ಬಳ್ಳಿ ಗಿಣ್ಣಿನ ಬೇರಿನಿಂದ ಹಾಲವಾಣದ ಮರಕ್ಕೆ ಅಂಟಿಕೊಳ್ಳುತ್ತದೆ. ಹಾಪ್‌ಗೆ ಆ ಬೇರೂ ಇಲ್ಲ, ಸೋರೆಯ ನುಲಿಬಳ್ಳಿಯೂ ಇಲ್ಲ. ದಂಟಿನ ಮೇಲಿನ ಕೊಕ್ಕೆಗೂದಲು ಹಗ್ಗದ ನಾರನ್ನು ಕಚ್ಚಿ ಹಿಡಿಯುತ್ತದೆ. ತುದಿ ಗಾಳಿಯಲ್ಲಿ ತಡಕಾಡುತ್ತ, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತುತ್ತದೆ; ಬೀನ್ಸ್ ಬಳ್ಳಿಯದು ತದ್ವಿರುದ್ಧ. ಕೈಯಿಂದ ಹಗ್ಗಕ್ಕೆ ಸುತ್ತುವಾಗ ದಿಕ್ಕು ತಪ್ಪಿತೋ, ಬಿಡಿಸಿಕೊಂಡು ಜೋತುಬೀಳುತ್ತದೆ. ತುಂಬುತೋಳಿನ ಅಂಗಿಯಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಗೀರಿದ ಜಾಗ ಕೆಂಪಾಗಿ ಉರಿಯುತ್ತದೆ.

ಯುರೋಪಿನಲ್ಲಿ ಚಳಿಗಾಲಕ್ಕೆ ಒಣಗಿ ಬೇರಿನಲ್ಲಿ ಉಳಿಯುವ ಬಳ್ಳಿಯನ್ನು ನಾನು ಮಲಗಿಸುವುದು ಮಳೆಗಾಲದಲ್ಲಿ. ಮುಂಗಾರು ಕಾಲಿಟ್ಟೊಡನೆ ಬುಡಕ್ಕೆ ಕತ್ತರಿಸಿ, ಮಡಿಯ ಮೇಲೆ ತಗಡು ಓರೆಯಾಗಿ ನಿಲ್ಲಿಸುತ್ತೇನೆ. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಎಲೆ ಉಳಿಸಿಕೊಳ್ಳುತ್ತೇನೆಂದು ಹೊರಡುವುದು ಹಟವಷ್ಟೇ: ಬಿಸಿಲಿಲ್ಲದೆ ಬಣ್ಣ ಹೋಗುತ್ತದೆ, ಎಲೆಯಡಿ ಬೂಜುರೋಗ ಹತ್ತುತ್ತದೆ, ದಿನಗಟ್ಟಲೆ ಕರೆಂಟಿಲ್ಲದೆ ದೀಪವೂ ಉರಿಯುವುದಿಲ್ಲ. ತಗಡಿನಡಿಯ ಬಡಕಲು ಚಿಗುರನ್ನು ಚಿವುಟಿಹಾಕುತ್ತೇನೆ. ನವೆಂಬರಿನಲ್ಲಿ ಬರುವ ಹೊಸ ಚಿಗುರಿಗೆ ಬೂಜಿನ ಮದ್ದಾಗಿ ಶೇಕಡಾ 1ರ ಬೋರ್ಡೋ ಮಿಶ್ರಣ. ಮೆಣಸಿಗೆ ಕಲಸಿದ್ದರಲ್ಲೇ, ಅಂದರೆ 100 ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ, ಸುಣ್ಣ ಹಾಕಿದ್ದರಲ್ಲೇ, ಒಂದು ಚೊಂಬು ಇದಕ್ಕೂ. ಫೆಬ್ರವರಿಯ ಒಣಹವೆಗೆ ಕೆಂಪು ನುಸಿ ಬಂದರೆ ಎಲೆಯಡಿಗೆ ನೀರು ರಾಚುವುದೇ ಮದ್ದು.

ತೆನೆಯ ಪಕಳೆ ಬಿಡಿಸಿದರೆ ಬುಡದಲ್ಲಿ ಹಳದಿ ಹುಡಿ, ಬೆರಳಿಗೆ ಅಂಟಂಟು. ಬಿಯರಿನ ಕಹಿ, ಪರಿಮಳ ಬರುವುದು ಅದರಿಂದಲೇ. ‘ಬಿಯರ್ ಯಾವಾಗ?’ ಎಂಬ ನೆಂಟರ ವಿಚಾರಣೆಗೆ ನಕ್ಕು ಸುಮ್ಮನಾಗುತ್ತೇನೆ. ನಾಯಿ ಸಾಕಿದವರು ಮಾತ್ರ ಜೋಕೆ. ಹಾಪ್ ತಿಂದ ನಾಯಿಯ ಮೈಬಿಸಿ ವಿಪರೀತ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ತೆನೆ ಉದುರುವಷ್ಟು ಕಾಲ ಜಗುಲಿಯನ್ನು ದಿನವೂ ಗುಡಿಸಿ, ಕಸವನ್ನು ಮುಚ್ಚಳದ ಡಬ್ಬಕ್ಕೆ ಹಾಕುತ್ತೇನೆ. ಗೊಬ್ಬರಗುಂಡಿಗೆ ಸುರಿದರೆ ನಮ್ಮ ನಾಯಿ ಕೆದಕದೆ ಬಿಡುವುದಿಲ್ಲ.