ಎರೆ ಮಣ್ಣಿನ ಮೇಲೆ ನಿಲ್ಲಿಸಿ ಹಾಸಿದ ಫರ್ಸಿ

"ಎರಿ ಮಣ್ಣಿನಾಗ ನೀರು ಇಂಗೋ ಅಂಗಳ ಆಗಂಗಿಲ್ರಿ." ಎರೆ ಅಂದರೆ ನಮ್ಮ ಕಪ್ಪು ಜೇಡಿ ಮಣ್ಣು, ನೀರು ಇಂಗೋ ಅಂಗಳ ಅಂದರೆ ಮಳೆ ನೀರು ಕಲ್ಲಿನ ಸಂದಿನಿಂದ ಕೆಳಗೆ ಇಳಿಯುವ ಹಾಗೆ ಹಾಸಿದ ಅಂಗಳ. ಕಲಬುರಗಿಯಲ್ಲಿ ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಲ್ಲ. ಜೊತೆಗೆ ಓದಿದ ಇಂಜಿನಿಯರ್‌ಗಳು ಹೇಳಿದರು. ಇಪ್ಪತ್ತು ವರ್ಷದಿಂದ ನನ್ನ ಜೊತೆ ಇರುವ ಮೇಸ್ತ್ರಿ ಕಾಕಾ ಕೂಡ ಹೇಳಿದರು. ಅವರ ಮಾತಲ್ಲಿ ಅರ್ಧ ನಿಜ ಇತ್ತು. ಆ ಅರ್ಧ ನನಗೆ ಅರ್ಥ ಆಗೋಕೆ ಎರಡು ಕೆಲಸ ಕೆಡಬೇಕಾಯಿತು, ಕೈಯಿಂದ ಒಂದೂವರೆ ಲಕ್ಷದಷ್ಟು ಹೋಯಿತು. ಈಗ 1,800 ಚದರ ಅಡಿಯ ಒಂದು ಅಂಗಳ ಮೂರು ಮಳೆಗಾಲ ದಾಟಿದೆ. ಕಾರು, ಟ್ರ್ಯಾಕ್ಟರ್ ದಿನಾ ಓಡಾಡುತ್ತವೆ. ಒಂದು ಕಲ್ಲು ಎದ್ದಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ತಪ್ಪು ಆಗಿದ್ದು 2019ರ ಮೇನಲ್ಲಿ. ಸೇಡಂ ರಸ್ತೆ ಕಡೆ ಒಂದು ಮನೆ. ಎರಡು ಅಡಿ ಗುಂಡಿ ತೆಗೆಸಿ ನೀರು ಇಂಗುವ ಪರೀಕ್ಷೆ ಮಾಡಿದೆ. ನಾಲ್ಕು ಕೊಡ ನೀರು ಹತ್ತೇ ನಿಮಿಷದಲ್ಲಿ ಮಾಯ. ಖುಷಿಯಾಗಿ ಅಳತೆ ಬರೆದುಕೊಂಡು ಬಂದೆ. ಆದರೆ ನೀರು ಹೋಗಿದ್ದು ಮಣ್ಣಿನೊಳಗೆ ಅಲ್ಲ, ಬಿರುಕಿನೊಳಗೆ. ಮೇ ತಿಂಗಳಲ್ಲಿ ನಮ್ಮ ಎರೆ ಭೂಮಿ ಅಂಗೈ ತೂರುವಷ್ಟು ಬಾಯಿ ಬಿಟ್ಟಿರುತ್ತೆ ಅಲ್ವಾ? ಮಳೆ ಬಿದ್ದ ಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತೆ. ಇದು ಗೊತ್ತಾಗಿದ್ದು ಕೆಲಸ ಕೆಟ್ಟ ಮೇಲೆ: ಅಂಥದ್ದೇ ಗುಂಡಿಗೆ ಆಗಸ್ಟ್‌ನಲ್ಲಿ ನೀರು ತುಂಬಿದರೆ ನಾಲ್ಕು ದಿನ ಹಾಗೇ ನಿಂತಿತ್ತು. ಬೇಸಿಗೆಯ ಪರೀಕ್ಷೆ ನಂಬಬೇಡಿ. ನಂಬಲೇಬೇಕಾದರೆ ಗುಂಡಿಗೆ ಎರಡು ಮೂರು ದಿನ ನೀರು ಕುಡಿಸಿ, ಆಮೇಲೆ ಅಳೆಯಿರಿ.

ನಾನು ಆ ಮೇ ಅಳತೆ ನಂಬಿ, ದೀಪಾವಳಿ ಕಳೆದ ಮೇಲೆ ಕೆಲಸ ಮಾಡಿಸಿದೆ. ಒಂಬತ್ತು ಇಂಚು ಖಡಿ (ಜಲ್ಲಿ), ಮೇಲೆ ಕಲ್ಲುಪುಡಿ, ಅದರ ಮೇಲೆ ಸಂದು ಬಿಟ್ಟು ಹಾಸಿದ ಒಂದು ಇಂಚಿನ ಫರ್ಸಿ, ಅಂದರೆ ಶಹಾಬಾದ್ ಕಡೆಯ ಸುಣ್ಣಗಲ್ಲಿನ ಚಪ್ಪಡಿ. 2020ರ ಅಕ್ಟೋಬರ್ ನಿಮಗೆ ನೆನಪಿರಬೇಕು. ಭೀಮಾ ಉಕ್ಕಿ ಎಷ್ಟೋ ಊರು ನೀರಲ್ಲಿ ಕೂತ ವರ್ಷ. ಆ ಮಳೆಗೆ ನಮ್ಮ ಅಂಗಳದಲ್ಲಿ ಕಾಲಿಟ್ಟರೆ ಫರ್ಸಿ ತೊಟ್ಟಿಲ ಹಾಗೆ ತೂಗುತ್ತಿತ್ತು, ಸಂದಿನಿಂದ ಕಪ್ಪು ಕೆಸರು ಚಿಮ್ಮುತ್ತಿತ್ತು. ಗೇಟಿನ ಹತ್ತಿರದ ಕಲ್ಲುಗಳು ಮೂರು ತುಂಡಾದವು. ಕಾಂಪೌಂಡ್ ಗೋಡೆ ಒಂದು ಕಡೆ ಎರಡು ಬೆರಳಷ್ಟು ವಾಲಿತು. ಮನೆಯವರು ಒಳ್ಳೆಯವರು, ಬೈಯಲಿಲ್ಲ. ಪೂರ್ತಿ ಕಿತ್ತು ಕಾಂಕ್ರೀಟ್ ಹಾಕಿಸಿಕೊಟ್ಟೆ. ಸುಮಾರು 80 ಸಾವಿರ ನನ್ನದೇ.

ಎರಡನೇ ಕೆಲಸ 2022ರಲ್ಲಿ. ಆ ಸಲ ಕಲ್ಲುಪುಡಿ ಬಿಟ್ಟೆ. ಶಹಾಬಾದ್ ಕಡೆಯ ಸುಣ್ಣಗಲ್ಲಿನ ಪುಡಿ ಒದ್ದೆಯಾಗಿ ಒಣಗಿದರೆ ಗಚ್ಚಿನ ಹಾಗೆ ಬಿಗಿಯುತ್ತೆ. ಮೊದಲ ಅಂಗಳದಲ್ಲಿ ನೀರು ಕೆಳಗೆ ಇಳಿಯದೇ ಇರೋಕೆ ಅರ್ಧ ಕಾರಣ ಅದೇ. ಖಡಿಯನ್ನೂ ಬದಲಿಸಿದೆ. ಸುಣ್ಣಗಲ್ಲಿನ ಖಡಿ ಬೇಡ, ಉಜ್ಜಿ ಉಜ್ಜಿ ಹಿಟ್ಟಾಗುತ್ತೆ. ಆಳಂದ ಕಡೆಯ ಕರಿ ಕಲ್ಲಿನ ಖಡಿ ತರಿಸಿದೆ. ಕ್ರಷರ್‌ನವರಿಗೆ "ಡಸ್ಟ್ ಇರಬಾರದು" ಅಂತ ಹೇಳಿದರೆ ಸಾಲದು. ಲೋಡಿನಿಂದ ಒಂದು ಬಕೆಟ್ ತುಂಬಿ ನೀರು ಹಾಕಿ ನೋಡಿ. 20 ಲೀಟರ್ ಬಕೆಟ್ ತುಂಬ 40 ಎಂ.ಎಂ. ಖಡಿ ಇದ್ದರೆ ಇನ್ನೂ 8 ಲೀಟರ್ ನೀರು ಹಿಡಿಯಬೇಕು. ಡಸ್ಟ್ ಬೆರೆತ ಖಡಿಯಲ್ಲಿ ನನಗೆ 3 ಲೀಟರ್ ಕೂಡ ಹಿಡಿಯಲಿಲ್ಲ. ಆ ಟಿಪ್ಪರ್ ವಾಪಸ್ ಕಳಿಸಿದೆ. ಜಗಳ ಆಯಿತು, ಆದರೂ ಕಳಿಸಿದೆ.

ಇಷ್ಟೆಲ್ಲ ಮಾಡಿದರೂ ಆ ಕೆಲಸವೂ ಕೆಟ್ಟಿತು. ನೀರು ಚೆನ್ನಾಗಿ ಇಳಿಯಿತು, ಖಡಿಯಲ್ಲಿ ತುಂಬಿತು, ಎಲ್ಲೂ ಹೋಗಲಿಲ್ಲ. ಕೆಳಗಿನ ಮಣ್ಣು ಹದಿನೈದು ದಿನ ನೆನೆದು ಬೆಣ್ಣೆಯಾಯಿತು. ಅಂಚಿಗೆ ಸಿಮೆಂಟಿನಲ್ಲಿ ಕಟ್ಟಿದ ಕಟ್ಟೆ ಆರು ಅಡಿಗೊಂದು ಸೀಳು ಬಿಟ್ಟಿತು.

ಆಗ ತಲೆಗೆ ಹೊಳೆದ ಮಾತೇ ಈ ಬರಹದ ತಿರುಳು. ಎರೆ ಮಣ್ಣಿನಲ್ಲಿ ನೀರು ಇಂಗಿಸುವ ಅಂಗಳ ಅಂದರೆ ನೀರನ್ನು ಅಂಗಳದ ಕೆಳಗಿನ ಮಣ್ಣಿಗೆ ಕುಡಿಸೋದಲ್ಲ. ಅಂಗಳದ ಕೆಳಗೆ ಖಡಿಯ ಒಂದು ತೊಟ್ಟಿ ಮಾಡೋದು, ಆ ತೊಟ್ಟಿಯ ನೀರನ್ನು ಎರೆ ಮಣ್ಣು ದಾಟಿಸಿ ಬಂಡೆಯ ಬಿರುಕಿಗೆ ಮುಟ್ಟಿಸೋದು. ಮಣ್ಣು ಒಣಗಿದ ಹಾಗೇ ಇರಬೇಕು, ನೆನೆದರೆ ಒಂದೇ ಸಮ ನೆನೆಯಬೇಕು.

2023ರಲ್ಲಿ ಮೂರನೇ ಅಂಗಳ ಹೀಗೆ ಮಾಡಿದೆವು. ಒಟ್ಟು 21 ಇಂಚು ಅಗೆತ. ತೆಗೆದ ಮಣ್ಣನ್ನು ಪಕ್ಕದ ಹೊಲದವರು ತಾವೇ ಟ್ರ್ಯಾಕ್ಟರ್ ತಂದು ಒಯ್ದರು, ಆ ಖರ್ಚು ಉಳಿಯಿತು. ತಳವನ್ನು ಮನೆಯಿಂದ ದೂರಕ್ಕೆ 80 ಅಡಿಗೆ ಒಂದು ಅಡಿಯಂತೆ ಇಳಿಜಾರು ಮಾಡಿದೆವು. ತಳದ ಮೇಲಿನ ಆರು ಇಂಚು ಮಣ್ಣಿಗೆ ನೂರಕ್ಕೆ ನಾಲ್ಕರಷ್ಟು ಸುಣ್ಣ ಬೆರೆಸಿ, ನೀರು ಚಿಮುಕಿಸಿ, ಎರಡು ದಿನ ಬಿಟ್ಟು ರೋಲರ್ ಹೊಡೆಸಿದೆ. ಸುಣ್ಣ ತಗುಲಿದ ಎರೆ ಮಣ್ಣು ಕೈಗೆ ಅಂಟಲ್ಲ, ಹುರಿದ ರವೆಯ ಹಾಗೆ ಉದುರುತ್ತೆ. ಅದನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ ದಿನವೇ ಕಾಕಾ ಮೊದಲ ಸಲ ತಲೆ ಆಡಿಸಿದ್ದು. ಮಣ್ಣು ಎಷ್ಟು ಉಬ್ಬುತ್ತೆ ಅಂತ ತಿಳಿಯೋಕೆ ನಾನು ಮಾಡಿದ್ದು ಹಳೇ ಪರೀಕ್ಷೆ. 10 ಗ್ರಾಂ ಜರಡಿ ಹಿಡಿದ ಒಣ ಮಣ್ಣು ಸೀಮೆಎಣ್ಣೆಯ ಅಳತೆಗೊಳವೆಯಲ್ಲಿ, ಇನ್ನೊಂದು 10 ಗ್ರಾಂ ನೀರಿನಲ್ಲಿ, ಒಂದು ದಿನ ಬಿಟ್ಟು ಎರಡರ ಮಟ್ಟ ನೋಡೋದು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ. ನಮ್ಮ ಮಣ್ಣು ನೀರಿನಲ್ಲಿ ಹತ್ತಿರ ಹತ್ತಿರ ಎರಡು ಪಟ್ಟಾಗಿತ್ತು. ಸುಣ್ಣ ಬೆರೆಸಿದ್ದು ಅಲ್ಪ ಸ್ವಲ್ಪ ಮಾತ್ರ ಏರಿತ್ತು.

ಮನೆಯ ಗೋಡೆಯಿಂದ ಆರು ಅಡಿ ತನಕ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಪಾಯದ ಪಕ್ಕ ಅದೇ ಹಾಳೆ ಮೂರೂವರೆ ಅಡಿ ಆಳಕ್ಕೆ ನೆಟ್ಟಗೆ ಇಳಿಸಿದೆವು. ಉಳಿದ ಕಡೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ನೀರು ಬಿಟ್ಟು ಮಣ್ಣು ತಡೆಯುವಂಥದ್ದು. ಅದರ ಮೇಲೆ 12 ಇಂಚು 40 ಎಂ.ಎಂ. ಖಡಿ, ಮೂರೂವರೆ ಇಂಚು 20 ಎಂ.ಎಂ., ಒಂದೂವರೆ ಇಂಚು ತೊಳೆದ 6 ಎಂ.ಎಂ. ಚಿಪ್ಸ್, ಕೊನೆಗೆ ನಾಲ್ಕು ಇಂಚು ಕಲ್ಲು. ಕೆಳಗಿನ 12 ಇಂಚಿನಲ್ಲೇ 20 ಸಾವಿರ ಲೀಟರ್ ನೀರು ಹಿಡಿಯುತ್ತೆ. ತಗ್ಗಿನ ಅಂಚಿನಲ್ಲಿ ತೂತು ಕೊರೆದ ನಾಲ್ಕು ಇಂಚಿನ ಪೈಪು. ಅಲ್ಲಿಂದ ಹೂಳು ನಿಲ್ಲುವ ಸಣ್ಣ ಚೇಂಬರ್, ಅಲ್ಲಿಂದ 14 ಅಡಿ ಆಳದ ಇಂಗು ಗುಂಡಿ. ಎರೆ ಮಣ್ಣು ಒಂಬತ್ತು ಅಡಿಗೆ ಮುಗಿದಿತ್ತು, ಕೆಳಗೆ ಮುರುಮು (ಪುಡಿಕಲ್ಲಿನ ಗಟ್ಟಿ ಮಣ್ಣು), ಆಮೇಲೆ ಬಿರುಕು ಬಿಟ್ಟ ಸುಣ್ಣಗಲ್ಲು. ಗುಂಡಿ ಮನೆಯಿಂದ 25 ಅಡಿ ದೂರ. ಖಡಿ ತೊಟ್ಟಿ ತುಂಬಿದರೆ ರಸ್ತೆ ಚರಂಡಿಗೆ ಹೋಗಲಿ ಅಂತ ಮೇಲ್ಮಟ್ಟದಲ್ಲಿ ಒಂದು ಓವರ್‌ಫ್ಲೋ ಇಟ್ಟೆ. ಅದನ್ನು ಮಾತ್ರ ಯಾರೂ ಮರೆಯಬೇಡಿ.

ಈಗ ಕಲ್ಲಿನ ಮಾತು. ಫರ್ಸಿ ಕತ್ತರಿಸುವಾಗ ಬೀಳುವ ಮೂರು ನಾಲ್ಕು ಇಂಚು ಅಗಲದ ಪಟ್ಟಿಗಳು ಶಹಾಬಾದ್, ವಾಡಿ ಕಡೆ ಗಣಿ ಪಕ್ಕ ಗುಡ್ಡದ ಹಾಗೆ ಬಿದ್ದಿರೋದನ್ನು ನೀವೂ ನೋಡಿರುತ್ತೀರಿ. ಯಾರಿಗೂ ಬೇಡ. ಒಯ್ದರೆ ಜಾಗ ಖಾಲಿಯಾಗುತ್ತೆ ಅಂತ ಸುಮ್ನೆ ಕೊಡುತ್ತಾರೆ, ತುಂಬುವ ಕೂಲಿ ಮತ್ತು ಬಾಡಿಗೆ ಮಾತ್ರ ನಮ್ಮದು. ಆ ಪಟ್ಟಿಗಳನ್ನು ಮಲಗಿಸದೆ, ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಅಂಚಿನ ಮೇಲೆ ನಿಲ್ಲಿಸಿದೆ. ನಡುವೆ ಅರ್ಧ ಇಂಚು ಸಂದು, ಸಂದಿಗೆ ಚಿಪ್ಸ್.

ಕಾಕಾ ಕೈ ಕಟ್ಟಿ ನಿಂತರು. "ಸಾಹೇಬ್ರ, ಫರ್ಸಿ ಮಲಗಸಾದ್ರಿ, ನಿಂದ್ರಸಾದಲ್ಲ."

"ಕಾಕಾ, ಒಂದ್ ಹತ್ತ್ ಅಡಿ ಹಾಕ್ರಿ. ನಿಮ್ದೇ ಟ್ರ್ಯಾಕ್ಟರ್ ಹಾಯಸ್ರಿ" ಅಂದೆ.

ಮಲಗಿಸಿದ ಒಂದು ಇಂಚಿನ ಫರ್ಸಿ ಕೆಳಗೆ ಸ್ವಲ್ಪ ಪೊಳ್ಳಿದ್ದರೂ ಬಾಗಿ ಮುರಿಯುತ್ತೆ. ನಿಲ್ಲಿಸಿದ ಪಟ್ಟಿಗೆ ಬಾಗುವ ಪ್ರಶ್ನೆಯೇ ಇಲ್ಲ, ಅದು ಬರೀ ಭಾರ ಹೊರುತ್ತೆ. ಭಾರ ಹೊರೋದರಲ್ಲಿ ನಮ್ಮ ಕಲ್ಲು ಗಟ್ಟಿ. ಚಳಿ ದೇಶದಲ್ಲಾದರೆ ಪದರದೊಳಗೆ ನೀರು ಹೆಪ್ಪುಗಟ್ಟಿ ಕಲ್ಲು ಸೀಳೀತು. ಇಲ್ಲಿ ಆ ಚಿಂತೆ ಇಲ್ಲ. ಆದರೆ ಪದರ ಬಿಟ್ಟ ಪಟ್ಟಿ ಬಳಸಬಾರದು. ಕಾಕಾ ಒಂದೊಂದು ಪಟ್ಟಿ ಎತ್ತಿ, ಎಡಗೈಯಲ್ಲಿ ತೂಗುಬಿಟ್ಟು ಸುತ್ತಿಗೆಯ ಹಿಡಿಕೆಯಿಂದ ತಟ್ಟುತ್ತಿದ್ದರು. ಒಳ್ಳೆಯದು "ಟಣ್" ಅನ್ನುತ್ತಿತ್ತು. ಸೀಳಿದ್ದು "ಬದ್" ಅನ್ನುತ್ತಿತ್ತು, ಅದು ಹಿಂದಕ್ಕೆ. ಹತ್ತರಲ್ಲಿ ಎರಡು ಹಿಂದಕ್ಕೆ ಹೋಗುತ್ತಿದ್ದವು. ಟ್ರ್ಯಾಕ್ಟರ್ ಹಾಯಿಸಿದ ಮೇಲೆ ಕಾಕಾ ಮತ್ತೆ ವಾದ ಮಾಡಲಿಲ್ಲ. ಮರುದಿನ ಇನ್ನಿಬ್ಬರು ಗೌಂಡಿಗಳನ್ನು (ಕಲ್ಲು ಕೆಲಸದವರನ್ನು) ಕರೆದುಕೊಂಡು ಬಂದರು.

ಗಾಡಿ ತಿರುಗುವ ಜಾಗದಲ್ಲಿ ಪಟ್ಟಿಗಳು ಸರಿಯದ ಹಾಗೆ ಸಾಲನ್ನು ಹೇಗೆ ತಿರುಗಿಸಬೇಕು ಅನ್ನೋದು ಎರಡು ಸಲ ಕಿತ್ತು ಕಲಿತದ್ದು. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಅಂಚಿನ ಕಟ್ಟೆಯನ್ನು ಈ ಸಲ ಸುಣ್ಣದ ಗಾರೆಯಲ್ಲಿ ಕಟ್ಟಿದೆವು. ಕಲ್ಲು ಅದೇ ಗಣಿಯ ತುಂಡು. ಸುಣ್ಣ, ಸುರಕಿ (ಇಟ್ಟಿಗೆ ಪುಡಿ), ಮರಳು ಸಮ ಸಮ. ಮಣ್ಣು ಸ್ವಲ್ಪ ಅಲುಗಿದರೆ ಸಿಮೆಂಟು ಸೀಳುತ್ತೆ, ಸುಣ್ಣದ ಗಾರೆ ಸ್ವಲ್ಪ ಬಾಗಿಕೊಡುತ್ತೆ. ಕೂದಲೆಳೆ ಬಿರುಕನ್ನು ಮಳೆ ನೀರಿನ ಜೊತೆ ತಾನೇ ಮುಚ್ಚಿಕೊಳ್ಳುತ್ತೆ. ಮೊದಲು ಕಟ್ಟಿದ 30 ಅಡಿ ಹಾಳಾಯಿತು, ಏಪ್ರಿಲ್ ಕೊನೆಯ ಬಿಸಿಲು. ಗಾರೆ ಗಟ್ಟಿಯಾಗುವ ಮೊದಲೇ ಒಣಗಿ, ಉಗುರಿನಿಂದ ಕೆರೆದರೆ ಪುಡಿ ಪುಡಿ. ಕಿತ್ತು ಮತ್ತೆ ಕಟ್ಟಿ, ಒದ್ದೆ ಗೋಣಿಚೀಲ ಹೊದಿಸಿ ಮೂರು ವಾರ ನೀರು ಬಿಟ್ಟೆವು. ಗಾರೆಗೆ ಬೆಲ್ಲದ ನೀರು ಹಾಕಿದ್ದು ನಿಜ. ಅಳತೆ ಕಾಕಾನ ಮನೆತನದ್ದು, ಅದನ್ನು ಬರೆಯುವ ಹಕ್ಕು ನನಗಿಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಖಡಿ ಮೂರೂ ಸೇರಿ 28 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ), 85 ಸಾವಿರದ ಹತ್ತಿರ. ಕಲ್ಲಿನ ಬಾಡಿಗೆ, ಕೂಲಿ 18 ಸಾವಿರ. ಜೆಸಿಬಿ 12, ಸುಣ್ಣ 10, ಬಟ್ಟೆ ಮತ್ತು ಹಾಳೆ 14, ಪೈಪು 9, ಇಂಗು ಗುಂಡಿ 25. ಕಲ್ಲು ಜೋಡಿಸುವ ಕೂಲಿಯೇ 63 ಸಾವಿರ, ಯಾಕಂದರೆ ಒಬ್ಬ ಗೌಂಡಿ ದಿನಕ್ಕೆ 50 ಚದರ ಅಡಿಗಿಂತ ಜಾಸ್ತಿ ಜೋಡಿಸೋಕೆ ಆಗಲ್ಲ. ಎಲ್ಲ ಸೇರಿ ಚದರ ಅಡಿಗೆ 130 ರೂಪಾಯಿ ಆಸುಪಾಸು. ಮಾಮೂಲಿ ಸಿಮೆಂಟ್ ಪೇವರ್ ಆಗ ನಮ್ಮ ಕಡೆ 85, 90ಕ್ಕೆ ಆಗುತ್ತಿತ್ತು. ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಆದರೆ ಎರೆ ಮಣ್ಣಿನ ಮೇಲಿನ ಪೇವರ್ ಎರಡು ಮಳೆಗೆ ಅಲೆ ಅಲೆಯಾಗಿ ಏಳುತ್ತೆ, ಕಿತ್ತು ಹಾಕಿಸಬೇಕು. ಆ ದುಡ್ಡನ್ನು ಯಾರೂ ಮೊದಲ ಬಿಲ್ಲಿನಲ್ಲಿ ತೋರಿಸಲ್ಲ.

ಎಲ್ಲ ಕಡೆಯೂ ಇದು ನಡೆಯುತ್ತೆ ಅಂತ ಅಲ್ಲ. ಒಂದು ಸಣ್ಣ ದಾಲ್ ಮಿಲ್ಲಿನ ಹಿಂದೆ 400 ಚದರ ಅಡಿ ಹಾಕಿ ನೋಡಿದೆ. ತೊಗರಿ ಹೊಟ್ಟು ಹಾರಿ ಬಂದು ಸಂದಿನಲ್ಲಿ ಕೂತು, ಮಳೆಗೆ ಕೊಳೆತು ಅಂಬಲಿಯಾಯಿತು. ಒಂದೇ ಮಳೆಗಾಲಕ್ಕೆ ಸಂದು ಬಂದ್. ಮನೆ ಅಂಗಳದಲ್ಲಿ ವರ್ಷಕ್ಕೊಮ್ಮೆ, ಮೇ ಕೊನೆಗೆ, ಸಂದಿನ ಮೇಲಿನ ಒಂದು ಇಂಚು ಚಿಪ್ಸ್ ಕೆರೆದು ಹೊಸದು ತುಂಬಿದರೆ ಸಾಕು. ಹೊಟ್ಟು, ಹಿಟ್ಟು, ಮಣ್ಣು ಹಾರುವ ಜಾಗದಲ್ಲಿ ದಯವಿಟ್ಟು ಹಾಕಬೇಡಿ. ಗಾಡಿ ತೊಳೆಯುವ ಜಾಗವನ್ನೂ ಬೇರೆ ಇಡಿ, ಎಣ್ಣೆ ಗುಂಡಿಗೆ ಇಳಿಯಬಾರದು.

ಬೀದರ್‌ನಲ್ಲಿ ಕತೆ ಪೂರ್ತಿ ಬೇರೆ. ಅಲ್ಲಿ ಮೇಲೆ ಕೆಂಪು ಕಲ್ಲು, ಕೆಳಗೆ ಕರಿ ಬಂಡೆ. ಕೆಂಪು ಕಲ್ಲು ನೀರು ಕುಡಿಯುತ್ತೆ, ಕುಡಿದ ನೀರು ಕರಿ ಬಂಡೆಯ ಮೇಲೆ ನಿಲ್ಲುತ್ತೆ. ಬಹಮನಿ ಕಾಲದವರು ನೌಬಾದ್‌ನ ಕರೇಜ್ (ನೆಲದೊಳಗಿನ ನೀರಿನ ಸುರಂಗ) ತೋಡಿದ್ದು ಇದೇ ನೀರು ಹಿಡಿಯೋಕೆ. ಅಲ್ಲಿ ನಾನು ಮಾಡಿದ ಸಣ್ಣ ಅಂಗಳಕ್ಕೆ ಸುಣ್ಣವೂ ಬೇಕಾಗಲಿಲ್ಲ, ಪೈಪೂ ಬೇಕಾಗಲಿಲ್ಲ. ಎಂಟು ಇಂಚು ಖಡಿ ಸಾಕಾಯಿತು. ಹಾಸೋಕೂ ಕೆಂಪು ಕಲ್ಲೇ ಬಳಸಿ ನೋಡಿದೆ, ಓಡಾಡುವ ದಾರಿಗೆ ಚೆಂದ. ಗಾಡಿ ಚಕ್ರದ ಸಾಲಿನಲ್ಲಿ ಮಾತ್ರ ಒಂದೇ ವರ್ಷಕ್ಕೆ ಸವೆದು ತಗ್ಗಾಯಿತು. ಅಲ್ಲಿಗೂ ಈಗ ಶಹಾಬಾದ್ ಪಟ್ಟಿಯನ್ನೇ ಒಯ್ದು ನಿಲ್ಲಿಸಿದ್ದೇನೆ.

ಸೇಡಂ ರಸ್ತೆಗೆ ಆಮೇಲೂ ಹೋಗಿದ್ದೆ. ಮೊದಲ ಅಂಗಳ ಕಿತ್ತು ಕಾಂಕ್ರೀಟ್ ಹಾಕಿಸಿಕೊಟ್ಟ ಅದೇ ಮನೆ. ಕಾಂಕ್ರೀಟ್ ಉಬ್ಬಿ, ನಡುವೆ ಸೀಳು ಬಿಟ್ಟಿದೆ. ಯಜಮಾನರನ್ನು ನನ್ನ ಗಾಡಿಯಲ್ಲೇ ಕೂರಿಸಿಕೊಂಡು ಹೊಸ ಅಂಗಳಕ್ಕೆ ಕರೆತಂದೆ. ಹಿಂದಿನ ರಾತ್ರಿ ದೊಡ್ಡ ಮಳೆ ಆಗಿತ್ತು. ತಳದ ನೀರು ನೋಡೋಕೆ ಅಂತ ನಿಲ್ಲಿಸಿದ ಪೈಪಿನ ಮುಚ್ಚಳ ತೆಗೆದು ಕೋಲು ಇಳಿಸಿದೆ. ಒಂಬತ್ತು ಇಂಚು ಒದ್ದೆ. ಚಹಾ ಕುಡಿದು, ಊಟ ಮಾಡಿ, ಸಂಜೆ ಮತ್ತೆ ಇಳಿಸಿದೆವು. ನಾಲ್ಕು ಇಂಚು. ಅವರು ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಒಮ್ಮೆ ಇಳಿಸಿ ನೋಡಿದರು. ಮುಂದಿನ ದೀಪಾವಳಿ ಕಳೆದ ಮೇಲೆ ಅವರ ಅಂಗಳ ಅಗೆಯುತ್ತಿದ್ದೇವೆ. ಪಟ್ಟಿ ಕಲ್ಲು ಈಗಾಗಲೇ ಎರಡು ಟಿಪ್ಪರ್ ಬಂದು ಬಿದ್ದಿದೆ, ಕಾಕಾ ತಟ್ಟಿ ತಟ್ಟಿ ಬೇರೆ ಮಾಡುತ್ತಿದ್ದಾರೆ.